ಹಬ್ಬಕ್ಕೆ ಒಂದು ಹುಟ್ಟು, ರಜೆಗೆ ಇನ್ನೊಂದು: ರಜಾ ಪಟ್ಟಿಯನ್ನು ಓದುವುದು ಹೇಗೆ?

ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿಯನ್ನು ರಾಜ್ಯ ಸರ್ಕಾರ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಹೊರಡಿಸುತ್ತದೆ. ಹೊರಬಿದ್ದ ಸ್ವಲ್ಪ ಹೊತ್ತಿಗೇ ಅದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಮೊದಲು ಎಲ್ಲರೂ ಒಟ್ಟು ಎಷ್ಟು ದಿನ ಎಂದು ಎಣಿಸುತ್ತಾರೆ, ಆಮೇಲೆ ತಮ್ಮ ಮನೆಯ ಹಬ್ಬ ಎಲ್ಲಿದೆ ಎಂದು ಹುಡುಕುತ್ತಾರೆ. 2025ರ ಪಟ್ಟಿಯಲ್ಲಿ ಹಾಗೆ ಹುಡುಕಿದವರಿಗೆ ಯುಗಾದಿ ಕಾಣಲಿಲ್ಲ. ಗಣರಾಜ್ಯೋತ್ಸವವೂ ಕಾಣಲಿಲ್ಲ. ವರ್ಷದ ಮೊದಲ ಹಬ್ಬವನ್ನೇ ಬಿಟ್ಟುಬಿಟ್ಟರೇ ಎಂದು ಗಾಬರಿಯಾಗುವುದು ಸಹಜ. ಉತ್ತರ ಪಟ್ಟಿಯ ಅಡಿಯಲ್ಲಿದ್ದ ಸಣ್ಣಕ್ಷರದ ಟಿಪ್ಪಣಿಯಲ್ಲಿತ್ತು: ಜನವರಿ 26, ಮಾರ್ಚ್ 30 ಎರಡೂ ಆ ವರ್ಷ ಭಾನುವಾರ. ಭಾನುವಾರ ಹೇಗೂ ರಜೆಯಾದ್ದರಿಂದ ಆ ದಿನದ ಹಬ್ಬಗಳನ್ನು ಪಟ್ಟಿಯಲ್ಲಿ ಮತ್ತೆ ಎಣಿಸುವುದಿಲ್ಲ.

ಈ ಚಿಕ್ಕ ಗೊಂದಲದ ಹಿಂದೆ ದೊಡ್ಡ ಪ್ರಶ್ನೆಗಳಿವೆ. ಯುಗಾದಿ ಒಂದು ವರ್ಷ ಮಾರ್ಚ್‌ನಲ್ಲಿ, ಇನ್ನೊಂದು ವರ್ಷ ಏಪ್ರಿಲ್‌ನಲ್ಲಿ ಬರುವುದೇಕೆ? ಸಂಕ್ರಾಂತಿ ಮಾತ್ರ ಜನವರಿ ಮಧ್ಯದಲ್ಲೇ ನಿಂತಿರುವುದೇಕೆ? ರಂಜಾನ್ ವರ್ಷವರ್ಷಕ್ಕೂ ಹಿಂದೆ ಸರಿಯುವುದೇಕೆ? ಒಂದು ದಿನವನ್ನು ‘ರಜೆ’ ಎಂದು ಹೇಳುವ ಅಧಿಕಾರ ಯಾರದು? ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಒಂದು ಚರಿತ್ರೆಯಿದೆ. ಅದನ್ನು ತಿಳಿಯಲು ಜ್ಯೋತಿಷ್ಯವಾಗಲಿ ಕಾನೂನಾಗಲಿ ಓದಿರಬೇಕಾಗಿಲ್ಲ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ

ಹಬ್ಬ ಬೇರೆ, ರಜೆ ಬೇರೆ. ಮಗು ಹುಟ್ಟುವುದು ಒಂದು ದಿನ, ಅದರ ಹೆಸರು ಪಡಿತರ ಚೀಟಿಗೆ ಸೇರುವುದು ಇನ್ನೊಂದು ದಿನ. ರಜಾ ಪಟ್ಟಿಯಲ್ಲಿರುವ ದಿನಗಳಿಗೂ ಹೀಗೆ ಎರಡು ಹುಟ್ಟು. ಜನ ಒಂದು ದಿನವನ್ನು ವಿಶೇಷವೆಂದು ಗುರುತಿಸಿ ಆಚರಿಸತೊಡಗಿದ್ದು ಮೊದಲನೆಯದು. ಆ ದಿನ ಕೆಲಸ ನಿಲ್ಲಿಸಿದರೂ ಸಂಬಳ ಕಡಿತವಾಗಬಾರದು ಎಂದು ಸರ್ಕಾರ ಅಧಿಕೃತವಾಗಿ ಬರೆದದ್ದು ಎರಡನೆಯದು. ಎರಡರ ನಡುವೆ ಕೆಲವೊಮ್ಮೆ ಸಾವಿರಾರು ವರ್ಷಗಳ ಅಂತರವಿರುತ್ತದೆ.

ಪಟ್ಟಿಯಲ್ಲಿ ಕಾಣುವ ‘ಸಾರ್ವತ್ರಿಕ ರಜೆ’ ಎಂದರೆ ಅಂದು ಸರ್ಕಾರಿ ಕಚೇರಿಯ ಬಾಗಿಲೇ ತೆರೆಯುವುದಿಲ್ಲ ಎಂದರ್ಥ. ‘ಪರಿಮಿತ ರಜೆ’ ಹಾಗಲ್ಲ. ಕಚೇರಿ ನಡೆಯುತ್ತಿರುತ್ತದೆ, ಒಂದು ಉದ್ದನೆಯ ಪಟ್ಟಿಯಿಂದ ನೌಕರರು ತಮಗೆ ಬೇಕಾದ ಎರಡು ದಿನಗಳನ್ನು ಆರಿಸಿಕೊಳ್ಳಬಹುದು. ಇಷ್ಟೊಂದು ಮತ, ಪಂಥ, ಪದ್ಧತಿಗಳಿರುವಲ್ಲಿ ಎಲ್ಲರ ಹಬ್ಬಕ್ಕೂ ಕಚೇರಿ ಮುಚ್ಚುವುದು ಆಗದ ಮಾತು, ಯಾರ ಹಬ್ಬವನ್ನೂ ಲೆಕ್ಕಕ್ಕೇ ತೆಗೆದುಕೊಳ್ಳದಿರುವುದೂ ಸರಿಯಲ್ಲ. ಪರಿಮಿತ ರಜೆ ಈ ಎರಡರ ನಡುವೆ ಕಂಡುಕೊಂಡ ದಾರಿ. ಇನ್ನು ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಇಡೀ ದೇಶಕ್ಕೆ ಸೇರಿದ ರಾಷ್ಟ್ರೀಯ ರಜೆಗಳು.

ಆಕಾಶವೆಂಬ ಗಡಿಯಾರ

ನಮ್ಮ ಹೆಚ್ಚಿನ ಹಬ್ಬಗಳ ದಿನವನ್ನು ಆಕಾಶವೇ ಹೇಳುತ್ತದೆ. ಗೋಡೆ ಗಡಿಯಾರವನ್ನು ನೆನಪಿಸಿಕೊಳ್ಳಿ. ಗಂಟೆಯ ಮುಳ್ಳು ಸೂರ್ಯ, ನಿಮಿಷದ ಮುಳ್ಳು ಚಂದ್ರ. ಸೂರ್ಯ ರಾಶಿಚಕ್ರವನ್ನು ಒಮ್ಮೆ ಸುತ್ತಲು ಒಂದು ವರ್ಷ ತೆಗೆದುಕೊಂಡರೆ, ಚಂದ್ರ ಸುಮಾರು 27 ದಿನಗಳಲ್ಲಿ ಸುತ್ತಿ ಬರುತ್ತಾನೆ. ಹನ್ನೆರಡು ಗಂಟೆಗೆ ಒಂದಾದ ಮುಳ್ಳುಗಳು ಮತ್ತೆ ಒಂದಾಗುವುದು ಒಂದು ಗಂಟೆ ದಾಟಿ ಐದು ನಿಮಿಷವಾದ ಮೇಲೆ ತಾನೇ? ನಿಮಿಷದ ಮುಳ್ಳು ಒಂದು ಸುತ್ತು ಮುಗಿಸುವಷ್ಟರಲ್ಲಿ ಗಂಟೆಯ ಮುಳ್ಳು ತುಸು ಮುಂದೆ ಸರಿದಿರುತ್ತದೆ. ಚಂದ್ರನೂ ಹಾಗೆಯೇ ಸೂರ್ಯನನ್ನು ಮತ್ತೆ ಹಿಡಿಯಲು ಇನ್ನೆರಡು ದಿನ ಹೆಚ್ಚು ನಡೆಯಬೇಕು. ಇಬ್ಬರೂ ಒಂದೇ ದಿಕ್ಕಿಗೆ ಬಂದ ಗಳಿಗೆ ಅಮಾವಾಸ್ಯೆ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಇದೇ ಚಾಂದ್ರಮಾಸ.

ಎರಡು ಮುಳ್ಳುಗಳ ನಡುವಿನ ಅಂತರವನ್ನು ಮೂವತ್ತು ಪಾಲು ಮಾಡಿದರೆ ಒಂದೊಂದು ಪಾಲು ಒಂದು ತಿಥಿ. ವೃತ್ತಕ್ಕೆ 360 ಡಿಗ್ರಿಯಾದ್ದರಿಂದ ತಿಥಿಗೆ 12 ಡಿಗ್ರಿ. ಚಂದ್ರನ ವೇಗ ಸದಾ ಒಂದೇ ಸಮನಾಗಿರುವುದಿಲ್ಲ. ಭೂಮಿಗೆ ಹತ್ತಿರವಿದ್ದಾಗ ಬೇಗ, ದೂರವಿದ್ದಾಗ ನಿಧಾನ. ಹೀಗಾಗಿ ಒಂದು ತಿಥಿ ಕೆಲವೊಮ್ಮೆ 19 ಗಂಟೆಗೇ ಮುಗಿಯುತ್ತದೆ, ಕೆಲವೊಮ್ಮೆ 26 ಗಂಟೆಯವರೆಗೂ ಎಳೆಯುತ್ತದೆ. ದಿನವಾದರೋ 24 ಗಂಟೆಗೆ ಬಿಗಿದದ್ದು. ‘ಹಬ್ಬ ಇವತ್ತೋ ನಾಳೆಯೋ’ ಎಂಬ ವರ್ಷವರ್ಷದ ಚರ್ಚೆಯ ಬೇರು ಇರುವುದು ಇಲ್ಲಿಯೇ.

ಆ ಚರ್ಚೆಯನ್ನು ತೀರಿಸಲು ಹಿರಿಯರು ಒಂದೊಂದು ಹಬ್ಬಕ್ಕೆ ಒಂದೊಂದು ಗಳಿಗೆಯನ್ನು ಗೊತ್ತುಮಾಡಿದರು. ಯುಗಾದಿಗೆ ಸೂರ್ಯೋದಯದ ಹೊತ್ತಿನಲ್ಲಿ ಪಾಡ್ಯ ಇರಬೇಕು. ಗಣೇಶ ಚತುರ್ಥಿಗೆ ಮಧ್ಯಾಹ್ನದ ಹೊತ್ತಿನಲ್ಲಿ ಚೌತಿ ಇರಬೇಕು. ಶಿವರಾತ್ರಿಗೆ ನಡುರಾತ್ರಿಯಲ್ಲಿ ಚತುರ್ದಶಿ ಇರಬೇಕು. ಶಿವರಾತ್ರಿಯ ದಿನ ಬೆಳಗ್ಗೆ ಪಂಚಾಂಗ ತೆರೆದರೆ ತ್ರಯೋದಶಿ ಎಂದು ಕಾಣಬಹುದು. ಅದು ತಪ್ಪಲ್ಲ. ಲೆಕ್ಕಕ್ಕೆ ಬರುವುದು ರಾತ್ರಿಯ ತಿಥಿ.

2026ರ ಯುಗಾದಿಯ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಮಾರ್ಚ್ 19ರಂದು ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಆಸುಪಾಸು. ಆಗಿನ್ನೂ ಅಮಾವಾಸ್ಯೆ ಮುಗಿದಿರುವುದಿಲ್ಲ. ಏಳು ಗಂಟೆಗೆ ಕೆಲವೇ ನಿಮಿಷ ಮೊದಲು ಪಾಡ್ಯ ಆರಂಭವಾಗಿ, ಮರುದಿನ ಸೂರ್ಯ ಹುಟ್ಟುವ ಮುನ್ನವೇ ಮುಗಿದುಹೋಗುತ್ತದೆ. ಯಾವ ಸೂರ್ಯೋದಯಕ್ಕೂ ಸಿಗದ ಇಂಥ ತಿಥಿಯನ್ನು ಕ್ಷಯ ತಿಥಿ ಎನ್ನುತ್ತಾರೆ. ಹಾಗಾದಾಗ ಅದು ಯಾವ ಹಗಲಿನಲ್ಲಿ ಕಳೆಯಿತೋ ಆ ಹಗಲಿಗೇ ಹಬ್ಬ ಎಂದು ನಿಯಮವಿದೆ. ಆದ್ದರಿಂದ ಬೇವು ಬೆಲ್ಲ 19ಕ್ಕೇ.

ಹನ್ನೊಂದು ದಿನಗಳ ಬಾಕಿ

ಹನ್ನೆರಡು ಚಾಂದ್ರಮಾಸಗಳನ್ನು ಕೂಡಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ 365 ದಿನ ಮೇಲೆ ಕಾಲು. ಅಂದರೆ ಪ್ರತಿ ವರ್ಷ ಹನ್ನೊಂದು ದಿನ ಬಾಕಿ ಉಳಿಯುತ್ತದೆ. ಬೇರೆ ಬೇರೆ ಸಮುದಾಯಗಳ ಹಬ್ಬಗಳು ಬೇರೆ ಬೇರೆ ರೀತಿಯಲ್ಲಿ ನಡೆದುಕೊಳ್ಳಲು ಈ ಬಾಕಿಯೇ ಮುಖ್ಯ ಕಾರಣ.

ನಮ್ಮ ಚಾಂದ್ರಮಾನ ಪಂಚಾಂಗ ಬಾಕಿಯನ್ನು ಬೆಳೆಯಲು ಬಿಟ್ಟು, ಒಂದು ತಿಂಗಳಿನಷ್ಟಾದಾಗ ಒಮ್ಮೆಗೇ ತೀರಿಸುತ್ತದೆ. ಹಾಗೆ ಸೇರಿಸುವ ತಿಂಗಳೇ ಅಧಿಕ ಮಾಸ. ಅದನ್ನು ಗುರುತಿಸುವ ನಿಯಮವೂ ಅಚ್ಚುಕಟ್ಟಾಗಿದೆ: ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು ಸಂಕ್ರಾಂತಿ, ಎರಡು ಅಮಾವಾಸ್ಯೆಗಳ ನಡುವೆ ಒಂದೂ ಸಂಕ್ರಾಂತಿ ಬಾರದಿದ್ದರೆ ಆ ತಿಂಗಳು ಅಧಿಕ. ಸರಾಸರಿ ಎರಡು ವರ್ಷ ಎಂಟೂವರೆ ತಿಂಗಳಿಗೊಮ್ಮೆ, ಹತ್ತೊಂಬತ್ತು ವರ್ಷಗಳಲ್ಲಿ ಏಳು ಸಲ ಹೀಗಾಗುತ್ತದೆ. ಈ ತೀರುವಳಿ ಇರುವುದರಿಂದಲೇ ಯುಗಾದಿ ವಸಂತವನ್ನು ಬಿಟ್ಟು ಹೋಗುವುದಿಲ್ಲ, ದೀಪಾವಳಿ ಮಳೆಗಾಲದ ನಡುವೆ ಬಂದು ನಿಲ್ಲುವುದಿಲ್ಲ.

ಇಸ್ಲಾಮಿನ ಹಿಜರಿ ಪಂಚಾಂಗ ಶುದ್ಧ ಚಾಂದ್ರಮಾನ. ಅಧಿಕ ತಿಂಗಳು ಸೇರಿಸುವುದನ್ನು ಕುರಾನ್ ನಿಷೇಧಿಸಿದೆ. ಆದ್ದರಿಂದ ಪ್ರತಿ ಹಬ್ಬವೂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಬಿರುಬೇಸಿಗೆಯ ನೀರಡಿಕೆಯಲ್ಲಿ ಉಪವಾಸ ಮಾಡಿದವರೇ ಮುಂದೊಂದು ಕಾಲಕ್ಕೆ ಮಾಗಿಯ ಚಳಿಯಲ್ಲೂ ಉಪವಾಸ ಮಾಡುತ್ತಾರೆ. 2000ನೇ ಇಸವಿಯಲ್ಲಿ ಈದುಲ್ ಫಿತ್ರ್, ಅಂದರೆ ರಂಜಾನ್ ಹಬ್ಬ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ ಬಂದಿತ್ತು.

ಕ್ರೈಸ್ತರ ಗುಡ್ ಫ್ರೈಡೆಯಲ್ಲೂ ಚಂದ್ರನಿದ್ದಾನೆ ಎಂಬುದು ಹಲವರಿಗೆ ಗೊತ್ತಿಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಮೊದಲ ಭಾನುವಾರ ಈಸ್ಟರ್. ಅದರ ಹಿಂದಿನ ಶುಕ್ರವಾರ ಗುಡ್ ಫ್ರೈಡೆ. ಕ್ರಿಸ್‌ಮಸ್ ಡಿಸೆಂಬರ್ 25ಕ್ಕೆ ಗಟ್ಟಿಯಾಗಿ ನಿಂತಿದ್ದರೂ ಗುಡ್ ಫ್ರೈಡೆ ವರ್ಷವರ್ಷವೂ ಅಲುಗಾಡುವುದು ಇದಕ್ಕಾಗಿಯೇ.

ಒಂದೇ ಅಮಾವಾಸ್ಯೆಯಿಂದ ಹೊರಟ ಎರಡು ಹಬ್ಬ

ಯುಗಾದಿ ಮತ್ತು ರಂಜಾನ್ ಹಬ್ಬಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಲೆಕ್ಕವೆಲ್ಲ ಕಣ್ಣಿಗೇ ಕಾಣುತ್ತದೆ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ, ಈದುಲ್ ಫಿತ್ರ್ 11ಕ್ಕೆ. 2025ರಲ್ಲಿ ಮಾರ್ಚ್ 30 ಮತ್ತು 31. 2026ರಲ್ಲಿ ಮಾರ್ಚ್ 19 ಮತ್ತು 21. ಮೂರು ವರ್ಷ ಒಂದರ ಬೆನ್ನಿಗೊಂದು. ಇದನ್ನು ಬರಿಯ ಕಾಕತಾಳೀಯ ಎನ್ನಲಾಗದು. ಯುಗಾದಿ ಅಮಾವಾಸ್ಯೆ ಕಳೆದ ಪಾಡ್ಯ. ಈದ್ ಅಮಾವಾಸ್ಯೆ ಕಳೆದು ಬಾಲಚಂದ್ರ ಕಂಡ ಮರುದಿನ. ಎರಡೂ ಹೊರಟಿದ್ದು ಒಂದೇ ಅಮಾವಾಸ್ಯೆಯಿಂದ.

ಒಂದು ಹಬ್ಬ ಗಣಿತದಿಂದ ದಿನವನ್ನು ಪಡೆಯುತ್ತದೆ, ಇನ್ನೊಂದು ಕಣ್ಣಿನಿಂದ. ಹೀಗಾಗಿ ಒಂದೆರಡು ದಿನಗಳ ಅಂತರ ಉಳಿಯುತ್ತದೆ. ಕಣ್ಣಿಗೆ ಕಾಣುವುದು ಊರಿನಿಂದ ಊರಿಗೆ ಬೇರೆಯಾಗಬಹುದು. 2024ರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಏಪ್ರಿಲ್ 10ಕ್ಕೇ ಹಬ್ಬವಾಯಿತು, ರಾಜ್ಯದ ಉಳಿದೆಡೆ 11ಕ್ಕೆ. ಪಟ್ಟಿಯಲ್ಲಿ ‘ಖುತುಬ್-ಎ-ರಂಜಾನ್’ ಎಂದು ಬರೆದ ದಿನಕ್ಕೆ ಹಬ್ಬ ಬೀಳದಿದ್ದರೆ ಮುಸ್ಲಿಂ ನೌಕರರಿಗೆ ಹಬ್ಬದ ದಿನವೇ ರಜೆ ಕೊಡಬಹುದು ಎಂಬ ಟಿಪ್ಪಣಿ ಪಟ್ಟಿಯ ಅಡಿಯಲ್ಲಿ ಇರುವುದು ಇದಕ್ಕಾಗಿ.

ಹಳೆ ಮೈಸೂರು ಸೀಮೆಯಲ್ಲಿ ಯುಗಾದಿಯ ಚಂದ್ರದರ್ಶನವೂ ಒಂದು ಆಚರಣೆ. ಸಂಜೆ ಮನೆಮಂದಿಯೆಲ್ಲ ಅಂಗಳಕ್ಕೋ ಮಾಳಿಗೆಗೋ ಬಂದು ಪಡುವಣದ ಕೆಂಪಿನಲ್ಲಿ ಉಗುರಿನ ಅಂಚಿನಂಥ ಚಂದ್ರನನ್ನು ಹುಡುಕುತ್ತಾರೆ. ಮೊದಲು ಕಂಡವರು ಕೈ ತೋರಿಸುತ್ತಾರೆ, ಕಾಣದವರು ತೆಂಗಿನ ಗರಿಯ ಪಕ್ಕವೋ ಕಂಬದ ಮೇಲೋ ಎಂದು ಗುರುತು ಕೇಳುತ್ತಾರೆ. ಕಂಡ ಮೇಲೆ ಕೈಮುಗಿದು ಹಿರಿಯರ ಕಾಲಿಗೆ ನಮಸ್ಕರಿಸುತ್ತಾರೆ. 2025ರ ಮಾರ್ಚ್ 30ರ ಸಂಜೆ, ಅದೇ ಹೊತ್ತಿಗೆ, ಪಕ್ಕದ ಬೀದಿಯ ಮಸೀದಿಯ ಮಾಳಿಗೆಯಿಂದಲೂ ಜನ ಅದೇ ದಿಕ್ಕಿಗೆ ಅದೇ ಚಂದ್ರನನ್ನು ಹುಡುಕುತ್ತಿದ್ದರು. ಈ ಪಟ್ಟಿಯ ಬಗ್ಗೆ ತಿಳಿದುಕೊಂಡ ಸಂಗತಿಗಳಲ್ಲೆಲ್ಲ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದದ್ದು ಇದೇ.

ಈ ಜೊತೆ ಶಾಶ್ವತವಲ್ಲ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂದರೆ ಈದ್ ಬಂದದ್ದು ಏಪ್ರಿಲ್ 22ಕ್ಕೆ. ಆ ವರ್ಷ ಅಧಿಕ ಶ್ರಾವಣ ಸೇರಿಕೊಂಡಿದ್ದರಿಂದ ಮುಂದಿನ ಯುಗಾದಿ ಒಂದು ತಿಂಗಳಷ್ಟು ಮುಂದಕ್ಕೆ ಹೋಗಿ ಈದ್ ಜೊತೆ ಸೇರಿತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ 2027ರ ಯುಗಾದಿ ಏಪ್ರಿಲ್ 7ಕ್ಕೆ ಜಿಗಿಯುತ್ತದೆ. ಈದ್ ಮಾರ್ಚ್ 10ರ ಆಸುಪಾಸಿಗೆ ಸರಿದಿರುತ್ತದೆ.

ಸಂಕ್ರಾಂತಿಯೂ ಜಾರುತ್ತಿದೆ

ಸಂಕ್ರಾಂತಿಗೆ ಚಂದ್ರನ ಹಂಗಿಲ್ಲ. ಸೂರ್ಯ ಮಕರ ರಾಶಿಗೆ ಕಾಲಿಟ್ಟ ಗಳಿಗೆಯೇ ಹಬ್ಬ. ನಾವು ಗೋಡೆಗೆ ತೂಗುಹಾಕುವ ಕ್ಯಾಲೆಂಡರ್ ಕೂಡ ಸೂರ್ಯನದೇ ಲೆಕ್ಕ. ಎರಡೂ ಸೂರ್ಯನನ್ನೇ ಹಿಡಿದು ನಡೆಯುವುದರಿಂದ ಸಂಕ್ರಾಂತಿ ಜನವರಿ 14 ಅಥವಾ 15 ಬಿಟ್ಟು ಕದಲುವುದಿಲ್ಲ ಎಂದು ಅನ್ನಿಸುತ್ತದೆ.

ಆದರೆ ಕದಲುತ್ತದೆ, ಬಹಳ ನಿಧಾನವಾಗಿ. ಗೋಡೆಯ ಕ್ಯಾಲೆಂಡರ್ ಋತುಗಳನ್ನು ಹಿಡಿದು ನಡೆದರೆ ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ನಡೆಯುತ್ತದೆ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವ ಬುಗುರಿಯಂತೆ ದಿಕ್ಕು ಬದಲಿಸುತ್ತಿರುವುದರಿಂದ ಈ ಎರಡು ವರ್ಷಗಳ ನಡುವೆ ಸುಮಾರು 20 ನಿಮಿಷಗಳ ವ್ಯತ್ಯಾಸವಿದೆ. ಹೆಚ್ಚುಕಡಿಮೆ ಎಪ್ಪತ್ತು ವರ್ಷಕ್ಕೆ ಒಂದು ದಿನ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು. ಅಂದು ಮಕರ ಸಂಕ್ರಾಂತಿ. ಈಗ ಅವರ ಜನ್ಮದಿನವನ್ನು ರಾಷ್ಟ್ರೀಯ ಯುವ ದಿನವೆಂದು 12ಕ್ಕೇ ಆಚರಿಸುತ್ತೇವೆ; ಸಂಕ್ರಾಂತಿ ಮಾತ್ರ ಎರಡು ಮೂರು ದಿನ ಮುಂದೆ ಹೋಗಿದೆ.

ಸಂಕ್ರಾಂತಿಯನ್ನು ಉತ್ತರಾಯಣದ ಆರಂಭ ಎನ್ನುವ ರೂಢಿಯೂ ಇದರಿಂದ ಅರ್ಥವಾಗುತ್ತದೆ. ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ಹೊತ್ತಿಗೆ ಬರುತ್ತಿದ್ದವು, ಆಮೇಲೆ ದೂರವಾದವು. ಹೆಸರು ಹಳೆಯ ಆಕಾಶವನ್ನು ಇನ್ನೂ ನೆನಪಿಟ್ಟುಕೊಂಡಿದೆ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಸುಮಾರು ಮೂವತ್ತು ಬಗೆಯ ಪಂಚಾಂಗಗಳು ಬಳಕೆಯಲ್ಲಿದ್ದವು. ಅವನ್ನು ಪರಿಶೀಲಿಸಲು 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಶಕ ವರ್ಷದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಕೋಲ್ಕತ್ತದ ಕೇಂದ್ರವೊಂದು ಇಂದಿಗೂ ಹಲವು ಭಾಷೆಗಳಲ್ಲಿ ರಾಷ್ಟ್ರೀಯ ಪಂಚಾಂಗವನ್ನು ಪ್ರಕಟಿಸುತ್ತದೆ.

ನೆನಪಿಗಾಗಿ ಉಳಿಸಿಕೊಂಡ ದಿನಗಳು

ಪಟ್ಟಿಯ ಉಳಿದ ದಿನಗಳನ್ನು ಕೊಟ್ಟದ್ದು ಚರಿತ್ರೆ. ಇವುಗಳಲ್ಲಿ ಜನವರಿ 26ರ ಕಥೆಯನ್ನು ಶಾಲೆಯಲ್ಲಿ ಅರ್ಧ ಮಾತ್ರ ಹೇಳುತ್ತಾರೆ. ಸಂವಿಧಾನವನ್ನು ಸಂವಿಧಾನ ಸಭೆ ಅಂಗೀಕರಿಸಿದ್ದು 1949ರ ನವೆಂಬರ್ 26ಕ್ಕೆ. ಅದು ಪೂರ್ತಿ ಜಾರಿಗೆ ಬಂದದ್ದು ಎರಡು ತಿಂಗಳ ನಂತರ. ಈ ಎರಡು ತಿಂಗಳು ಕಾದದ್ದು ಒಂದು ಹಳೆಯ ಭಾನುವಾರಕ್ಕಾಗಿ. 1929ರ ಡಿಸೆಂಬರ್‌ನಲ್ಲಿ ಲಾಹೋರ್ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯದ ನಿರ್ಣಯ ಮಾಡಿತು. ಅದರಂತೆ ಜನವರಿಯ ಕೊನೆಯ ಭಾನುವಾರ, 1930ರ ಜನವರಿ 26ರಂದು, ದೇಶದೆಲ್ಲೆಡೆ ಜನ ಸೇರಿ ಸ್ವಾತಂತ್ರ್ಯದ ಪ್ರತಿಜ್ಞೆ ಮಾಡಿದರು. ಆಮೇಲೆ ವರ್ಷವರ್ಷವೂ ಅದೇ ಸ್ವಾತಂತ್ರ್ಯ ದಿನವಾಗಿತ್ತು. ನಿಜವಾದ ಸ್ವಾತಂತ್ರ್ಯ ಆಗಸ್ಟ್‌ನಲ್ಲಿ ಬಂದುಬಿಟ್ಟಾಗ ಆ ದಿನ ಮರೆತುಹೋಗಬಾರದೆಂದು ಗಣರಾಜ್ಯಕ್ಕೆ ಅದನ್ನೇ ಆರಿಸಿದರು. ಹೀಗೆ ಕಾದ ನವೆಂಬರ್ 26 ಕೂಡ 2015ರಿಂದ ಸಂವಿಧಾನ ದಿನವಾಗಿದೆ. ಆದರೆ ಅದು ರಜೆಯಲ್ಲ.

ಆಗಸ್ಟ್ 15ನ್ನು ಆರಿಸಿದ್ದು ವೈಸ್‌ರಾಯ್ ಮೌಂಟ್‌ಬ್ಯಾಟನ್. ಬ್ರಿಟನ್ ಹಾಕಿಕೊಂಡಿದ್ದ ಗಡುವು 1948ರ ಜೂನ್. ಅದನ್ನು ಹಿಂದಕ್ಕೆ ತಂದ ಅವರು, ಎರಡನೇ ಮಹಾಯುದ್ಧದಲ್ಲಿ ಜಪಾನ್ ಶರಣಾದ ದಿನದ ಎರಡನೇ ವಾರ್ಷಿಕವನ್ನು ಆರಿಸಿಕೊಂಡರು. ಆ ಯುದ್ಧದಲ್ಲಿ ಆಗ್ನೇಯ ಏಷ್ಯಾದ ಮಿತ್ರಪಡೆಗಳ ದಂಡನಾಯಕ ಅವರೇ ಆಗಿದ್ದರು.

ಆ ದಿನ ಕನ್ನಡ ನಾಡಿಗೆಲ್ಲ ಸ್ವಾತಂತ್ರ್ಯ ಒಂದೇ ತೆರನಾಗಿ ಬರಲಿಲ್ಲ. ಬೀದರ್, ಕಲಬುರಗಿ, ರಾಯಚೂರುಗಳು ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿದ್ದು, ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಆ ಭಾಗದಲ್ಲಿ ಇಂದಿಗೂ ಆ ದಿನ ವಿಮೋಚನೆಯ ನೆನಪಿನ ಉತ್ಸವ. 2019ರಿಂದ ಅದಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಎಂದು ಹೆಸರು.

ನವೆಂಬರ್ 1ರಲ್ಲಿ ಕ್ರಮ ತಲೆಕೆಳಗಾಗಿದೆ. ಇಲ್ಲಿ ಕಾನೂನು ಮೊದಲು, ಹಬ್ಬ ಆಮೇಲೆ. ರಾಜ್ಯಗಳ ಮರುವಿಂಗಡಣೆಯ ಕಾಯಿದೆ ಜಾರಿಗೆ ಬರುವ ದಿನವೆಂದು ದೆಹಲಿ ಗೊತ್ತುಮಾಡಿದ್ದು 1956ರ ನವೆಂಬರ್ 1. ಕೇರಳ, ಆಂಧ್ರಪ್ರದೇಶಗಳು ಹುಟ್ಟಿದ್ದೂ ಅಂದೇ. ಮೈಸೂರು, ಮುಂಬೈ, ಮದ್ರಾಸ್, ಹೈದರಾಬಾದ್, ಕೊಡಗು ಎಂದು ಹಂಚಿಹೋಗಿದ್ದ ಕನ್ನಡಿಗರು ಆ ದಿನ ಒಂದೇ ರಾಜ್ಯದವರಾದರು. 1973ರ ನವೆಂಬರ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಆಡಳಿತದ ಅನುಕೂಲಕ್ಕೆ ಬರೆದ ಒಂದು ತಾರೀಖು ಇಂದು ಬೀದಿಬೀದಿಯ ಹಳದಿ ಕೆಂಪು ಬಾವುಟಗಳ ಹಬ್ಬ.

ಜಯಂತಿಗಳಲ್ಲಿ ಒಂದು ವಿಚಿತ್ರವನ್ನು ನೀವು ಗಮನಿಸಿರಬಹುದು. ಗಾಂಧೀಜಿ ಮತ್ತು ಅಂಬೇಡ್ಕರ್ ಜಯಂತಿಗಳು ಅಕ್ಟೋಬರ್ 2, ಏಪ್ರಿಲ್ 14 ಎಂದು ಗಟ್ಟಿಯಾಗಿವೆ. ಬಸವ, ವಾಲ್ಮೀಕಿ, ಕನಕದಾಸ ಜಯಂತಿಗಳು ಪ್ರತಿ ವರ್ಷ ಸರಿದಾಡುತ್ತವೆ. ಹುಟ್ಟನ್ನು ಯಾವ ಪಂಚಾಂಗದಲ್ಲಿ ನೆನಪಿಟ್ಟುಕೊಂಡಿದ್ದಾರೋ ಆಚರಣೆಯೂ ಅದರಂತೆಯೇ. ಬಸವ ಜಯಂತಿ ವೈಶಾಖ ಶುದ್ಧ ತದಿಗೆ, ಅಂದರೆ ಅಕ್ಷಯ ತೃತೀಯದ ದಿನ. ಬಸವಣ್ಣನವರು ಹನ್ನೆರಡನೇ ಶತಮಾನದವರಾದರೂ ಅವರ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿ ಮೊದಲಾದದ್ದು 1913ರಲ್ಲಿ, ದಾವಣಗೆರೆಯಲ್ಲಿ, ಹರ್ಡೇಕರ ಮಂಜಪ್ಪನವರ ಪ್ರಯತ್ನದಿಂದ. ಗಣೇಶನ ಹಬ್ಬ ಮನೆಯಿಂದ ಬೀದಿಯ ಚಪ್ಪರಕ್ಕೆ ಬಂದದ್ದೂ ಹೀಗೆಯೇ. 1893ರಿಂದ ಬಾಲಗಂಗಾಧರ ತಿಲಕರು ಅದನ್ನು ಸಾರ್ವಜನಿಕ ಉತ್ಸವವಾಗಿ ಬೆಳೆಸಿದರು. ಮೈಸೂರು ದಸರೆಯ ಮೂಲ ವಿಜಯನಗರದ ಮಹಾನವಮಿಯಲ್ಲಿದೆ. ಅದನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು.

ಹುಂಡಿಯ ಕಾಯಿದೆಯೊಳಗೆ ರಜೆ

ಇನ್ನು ಎರಡನೇ ಹುಟ್ಟಿಗೆ ಬರೋಣ. ಒಂದು ದಿನವನ್ನು ಸಾರ್ವಜನಿಕ ರಜೆ ಎಂದು ಸಾರುವ ಅಧಿಕಾರ ಸರ್ಕಾರಕ್ಕೆ ಎಲ್ಲಿಂದ ಬಂತು ಎಂದು ಹುಡುಕಿದರೆ ಧರ್ಮಕ್ಕೂ ಸಂಸ್ಕೃತಿಗೂ ಸಂಬಂಧವೇ ಇಲ್ಲದ ಕಾಯಿದೆಯೊಂದು ಎದುರಾಗುತ್ತದೆ. ಅದು ಚೆಕ್ಕು, ಹುಂಡಿ (ದೇವಸ್ಥಾನದ ಕಾಣಿಕೆ ಡಬ್ಬಿಯಲ್ಲ, ವ್ಯಾಪಾರಿಗಳ ಹಣಪಾವತಿಯ ಚೀಟಿ), ಸಾಲಪತ್ರಗಳಿಗೆ ಸಂಬಂಧಿಸಿದ 1881ರ ವರ್ಗಾವಣೀಯ ಲಿಖಿತಗಳ ಕಾಯಿದೆ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್).

ಕಾರಣ ಸರಳ. ನೀವು ಯಾರಿಗೋ ಇಂಥ ತಾರೀಖಿಗೆ ಹಣ ಕೊಡುತ್ತೇನೆ ಎಂದು ಬರೆದುಕೊಟ್ಟಿದ್ದೀರಿ. ಆ ದಿನ ಬ್ಯಾಂಕ್ ಮುಚ್ಚಿದ್ದರೆ ಮಾತಿಗೆ ತಪ್ಪಿದ್ದು ನೀವೋ, ಬ್ಯಾಂಕೋ? ವ್ಯಾಪಾರ ನಡೆಯಬೇಕಾದರೆ ಇದಕ್ಕೆ ಖಚಿತ ಉತ್ತರ ಬೇಕು. ಕಾಯಿದೆಯ 25ನೇ ಕಲಂ ಹೇಳುವುದಿಷ್ಟು: ವಾಯಿದೆಯ ದಿನ ಸಾರ್ವಜನಿಕ ರಜೆಯಾಗಿದ್ದರೆ ಅದರ ಹಿಂದಿನ ಕೆಲಸದ ದಿನವೇ ವಾಯಿದೆ. ಹಾಗೆಂದ ಮೇಲೆ ಸಾರ್ವಜನಿಕ ರಜೆ ಯಾವುದು ಎಂದೂ ಹೇಳಲೇಬೇಕಾಯಿತು. ಭಾನುವಾರಗಳು ಮತ್ತು ಸರ್ಕಾರ ರಾಜ್ಯಪತ್ರದಲ್ಲಿ ಘೋಷಿಸುವ ದಿನಗಳು ಎಂದು ಅದೇ ಕಲಮಿನಲ್ಲಿ ಬರೆದರು. ಬ್ಯಾಂಕ್ ರಜೆಗಳ ಪ್ರಕಟಣೆಯಲ್ಲಿ ಇಂದಿಗೂ ಈ ಕಾಯಿದೆಯ ಹೆಸರು ಕಾಣುತ್ತದೆ.

ಬ್ಯಾಂಕಿಗೂ ರಜೆಗೂ ಈ ನಂಟು ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿನ ಬ್ಯಾಂಕ್ ಆಫ್ ಇಂಗ್ಲೆಂಡ್ ಒಂದು ಕಾಲಕ್ಕೆ ಸಂತರ ದಿನಗಳೆಂದು ವರ್ಷಕ್ಕೆ 33ರಷ್ಟು ರಜೆ ಕೊಡುತ್ತಿತ್ತು. 1834ರಲ್ಲಿ ಅದನ್ನು ನಾಲ್ಕಕ್ಕೆ ಇಳಿಸಿದರು: ಗುಡ್ ಫ್ರೈಡೆ, ಮೇ 1, ನವೆಂಬರ್ 1, ಕ್ರಿಸ್‌ಮಸ್. ನಾಲ್ಕೂ ಇಂದು ಕರ್ನಾಟಕದ ರಜೆಗಳೇ ಆಗಿರುವುದು ಮಾತ್ರ ಬರಿಯ ಆಕಸ್ಮಿಕ. 1871ರಲ್ಲಿ ಬ್ಯಾಂಕಿನ ಒಡೆತನದ ಮನೆತನದಿಂದಲೇ ಬಂದ ಜಾನ್ ಲಬಕ್ ಎಂಬ ಸಂಸದರು ಬ್ಯಾಂಕ್ ರಜೆಗಳ ಕಾಯಿದೆ ತಂದರು. ಬ್ಯಾಂಕ್ ಮುಚ್ಚಿದರೆ ವ್ಯಾಪಾರ ನಿಲ್ಲುತ್ತದೆ, ವ್ಯಾಪಾರ ನಿಂತರೆ ಎಲ್ಲರಿಗೂ ಬಿಡುವು. ಹತ್ತು ವರ್ಷಗಳ ನಂತರ ನಮ್ಮಲ್ಲೂ ಅದೇ ಜಾಡಿನಲ್ಲಿ ಕಾಯಿದೆ ಬಂತು.

ಯಾವ ಹಬ್ಬದ ಯಾವ ದಿನ ಪಟ್ಟಿಗೆ ಸೇರಬೇಕು ಎಂಬುದು ಆಯಾ ಸರ್ಕಾರದ ತೀರ್ಮಾನ. ಕರ್ನಾಟಕದ ದೀಪಾವಳಿಯನ್ನೇ ನೋಡಿ. 2025ರ ಅಕ್ಟೋಬರ್ 20ರ ನರಕ ಚತುರ್ದಶಿಗೆ ರಜೆಯಿತ್ತು, 22ರ ಬಲಿಪಾಡ್ಯಮಿಗೂ ಇತ್ತು, ನಡುವಿನ ಅಮಾವಾಸ್ಯೆಗೆ ಇರಲಿಲ್ಲ. ಎಣ್ಣೆ ಸ್ನಾನ ಮತ್ತು ಬಲೀಂದ್ರನ ಪೂಜೆಯೇ ಇಲ್ಲಿ ಹಬ್ಬದ ಎರಡು ಮುಖ್ಯ ದಿನಗಳು.

ಭಾನುವಾರವನ್ನು ಕೇಳಿ ಪಡೆದವರು

ಪಟ್ಟಿಯಲ್ಲಿ ಕಾಣದೆ ಎಲ್ಲದರ ಹಿಂದೆ ನಿಂತಿರುವ ರಜೆ ಭಾನುವಾರ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರಿ.ಶ. 321ರಲ್ಲಿ ಅದನ್ನು ವಿಶ್ರಾಂತಿಯ ದಿನವೆಂದು ಸಾರಿದ. ಬ್ರಿಟಿಷರೊಂದಿಗೆ ಅದು ಇಲ್ಲಿನ ಕಚೇರಿಗಳಿಗೆ ಬಂತು. ಗಿರಣಿಯ ಕೂಲಿಕಾರರಿಗೆ ಮಾತ್ರ ಬರಲಿಲ್ಲ. ಮುಂಬೈನ ಬಟ್ಟೆ ಗಿರಣಿಗಳಲ್ಲಿ ವಾರದ ಏಳೂ ದಿನ ಕೆಲಸ.

ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಈ ಕಾರ್ಮಿಕರನ್ನು ಸಂಘಟಿಸಿ ವಾರಕ್ಕೊಂದು ದಿನ ಬಿಡುವು ಬೇಕೆಂದು ಮನವಿ ಸಲ್ಲಿಸಿದರು. ಭಾನುವಾರವನ್ನು ಅವರು ಕೇಳಿದ್ದು ಚರ್ಚಿನ ಕಾರಣಕ್ಕಲ್ಲ. ಆ ಕಾರ್ಮಿಕರಲ್ಲಿ ಬಹುಮಂದಿಯ ಮನೆದೇವರು ಖಂಡೋಬಾ, ಭಾನುವಾರ ಅವನ ವಾರ. ಖಂಡೋಬಾ ಎಂದರೆ ಕನ್ನಡ ನಾಡಿನ ಮೈಲಾರಲಿಂಗನೇ. ಆರು ವರ್ಷಗಳ ಹೋರಾಟದ ನಂತರ, 1890ರ ಜೂನ್ 10ರಂದು, ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ನಾವು ಪ್ರತಿ ವಾರವೂ ಅನುಭವಿಸುವ ಈ ದಿನವನ್ನು ಗಳಿಸಿಕೊಟ್ಟವರ ಹೆಸರು ಇನ್ನಷ್ಟು ಮನೆಗಳಿಗೆ ಗೊತ್ತಿರಬೇಕಿತ್ತು.

ಮೇ 1 ಕೂಡ ದುಡಿಯುವವರು ಗಳಿಸಿದ ದಿನ. 1886ರಲ್ಲಿ ಅಮೆರಿಕದ ಕಾರ್ಮಿಕರು ಎಂಟು ಗಂಟೆಯ ದುಡಿಮೆಗಾಗಿ ಅಂದು ಮುಷ್ಕರ ಹೂಡಿದರು. ಷಿಕಾಗೊದಲ್ಲಿ ರಕ್ತ ಹರಿಯಿತು. 1889ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಕಾರ್ಮಿಕ ಪ್ರತಿನಿಧಿಗಳು ಆ ದಿನವನ್ನು ಜಗತ್ತಿಗೇ ಹೋರಾಟದ ದಿನವಾಗಿಸಿದರು. ಭಾರತದಲ್ಲಿ ಮೊದಲ ಮೇ ದಿನ ನಡೆದದ್ದು 1923ರಲ್ಲಿ, ಮದ್ರಾಸಿನ ಕಡಲತೀರದಲ್ಲಿ, ಸಿಂಗಾರವೇಲು ಚೆಟ್ಟಿಯಾರರ ಮುಂದಾಳತ್ವದಲ್ಲಿ.

ಖಾಸಗಿ ಕಂಪನಿಗಳ ರಜೆ ಸರ್ಕಾರಿ ಪಟ್ಟಿಗಿಂತ ಕಡಿಮೆ ಇರುವುದು ಏಕೆ ಎಂದು ಕೇಳುವವರಿಗೆ ಇಲ್ಲಿಯೇ ಉತ್ತರವಿದೆ. ಅವು ನಡೆಯುವುದು ಬೇರೆ ಕಾಯಿದೆಯಂತೆ. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನಗಳನ್ನು ಕಡ್ಡಾಯ ಮಾಡಿ, ಇನ್ನೈದು ಹಬ್ಬಗಳಿಗೆ ಸಂಬಳ ಸಹಿತ ರಜೆ ಕೊಡಬೇಕೆನ್ನುತ್ತದೆ. ಆ ದಿನ ದುಡಿಸಿಕೊಂಡರೆ ದುಪ್ಪಟ್ಟು ಕೂಲಿ ಅಥವಾ ಬದಲಿ ರಜೆ ಕೊಡಬೇಕು.

ಒಂದೇ ಜಿಲ್ಲೆಯ ರಜೆ

ಪಟ್ಟಿಯ ಅಡಿಟಿಪ್ಪಣಿಗಳಲ್ಲಿ ಕೊಡಗು ಜಿಲ್ಲೆಗೆ ಮಾತ್ರ ಅನ್ವಯಿಸುವ ಮೂರು ಸ್ಥಳೀಯ ರಜೆಗಳು ಕಾಣುತ್ತವೆ: ಸೆಪ್ಟೆಂಬರ್ ಆರಂಭದಲ್ಲಿ ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ, ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ, ವರ್ಷದ ಕೊನೆಗೆ ಹುತ್ತರಿ. ತುಲಾ ಸಂಕ್ರಮಣದಂದು ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಯಲ್ಲಿ ತಲಕಾವೇರಿಯಲ್ಲಿ ತೀರ್ಥೋದ್ಭವ. ಆ ಗಳಿಗೆ ನಡುರಾತ್ರಿಯಾದರೂ ಜನ ಕೊರೆಯುವ ಚಳಿಯಲ್ಲಿ, ತೀರ್ಥ ಉಕ್ಕುವ ಪುಟ್ಟ ಕೊಳವಾದ ಕುಂಡಿಕೆಯ ಸುತ್ತ ಕಾಯುತ್ತಾರೆ.

ಹುತ್ತರಿ ಹೊಸ ಭತ್ತದ ಹಬ್ಬ. ಅದರ ದಿನವನ್ನು ಗೊತ್ತುಮಾಡುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ನೆರೆ (ಎಲೆಗಳ ಕಟ್ಟು) ಕಟ್ಟುವುದು ಎಷ್ಟು ಹೊತ್ತಿಗೆ, ಕದಿರು ತೆಗೆಯುವುದು ಎಷ್ಟು ಹೊತ್ತಿಗೆ ಎಂದೂ ಅಲ್ಲಿಂದಲೇ ನಾಡಿಗೆಲ್ಲ ತಿಳಿಯುತ್ತದೆ. ಬೆಂಗಳೂರಿನಲ್ಲಿ ಅಚ್ಚಾಗುವ ರಾಜ್ಯಪತ್ರ ಆ ಲೆಕ್ಕವನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳುತ್ತದೆ. ಆ ರಾತ್ರಿ ಬೆಳದಿಂಗಳಲ್ಲಿ ಮನೆಯವರೆಲ್ಲ ಗದ್ದೆಗೆ ಇಳಿದು, ಹೊತ್ತು ನೋಡಿ, ಮೊದಲ ತೆನೆ ಕೊಯ್ದು ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾರೆ. ಪಕ್ಕದ ಜಿಲ್ಲೆಯಲ್ಲಿ ಮರುದಿನ ಎಂದಿನಂತೆ ಕಚೇರಿ.